ತಾಯಿ ಕೋಳಿ ಜೊತೆ ಇರುವ ಮರಿಗಳನ್ನು ಬೇರೆ ಕೋಳಿಗಳ ಒಟ್ಟಿಗೆ ಬಿಡುದು ಯಾವಾಗ? ಫುಡ್ ಎಂತ ಹಾಕುದು?

ತೋಟದಬದಿ_ಹಿರಿಯಡ್ಕ:
ಎಲ್ರಿಗೂ ನಮಸ್ಕಾರ. ನಮ್ಮದು ಹಿರಿಯಡ್ಕ ಹತ್ರ, ಅಡಿಕೆ ತೋಟದ ಬದಿಯಲ್ಲೇ ಮನೆ. ಹತ್ತು ಹೇಂಟೆ, ಒಂದು ಹುಂಜ ಉಂಟು, ಊರಿನದ್ದು ನಾಲ್ಕು, ಬಾಕಿ ಗಿರಿರಾಜ ತಳಿಯದ್ದು. ಒಂದು ಊರಿನ ಹೇಂಟೆ ಕಾವಿಗೆ ಕೂತು ಏಳು ಮರಿ ಮಾಡಿದೆ, ಮೂರು ವಾರ ಆಗ್ತಾ ಬಂತು. ಹಳೇ ದನದ ಹಟ್ಟಿಯ ಮೂಲೆಗೆ ನೆಟ್ ಕಟ್ಟಿ ತಾಯಿ ಮರಿ ಮಾತ್ರ ಅಲ್ಲಿ ಇಟ್ಟಿದ್ದೇನೆ, ಮರಿಗಳ ಸ್ಟಾರ್ಟರ್ ಫುಡ್ ಹಾಕ್ತೇನೆ, ದೊಡ್ಡದಕ್ಕೆಲ್ಲ ಮೊಟ್ಟೆ ಕೋಳಿಯ ಲೇಯರ್ ಫೀಡ್. ಈಗ ಪ್ರಶ್ನೆ ಎಂತ ಅಂದ್ರೆ ಒಟ್ಟಿಗೆ ಬಿಟ್ರೆ ಮರಿ ಹೋಗಿ ಲೇಯರ್ ಫೀಡ್ ತಿಂತದೆ, ದೊಡ್ಡದು ಬಂದು ಸ್ಟಾರ್ಟರ್ ಖಾಲಿ ಮಾಡ್ತದೆ, ಇದಕ್ಕೆ ಎಂತ ಮಾಡುದು? ಮತ್ತೆ ಆ ಗಿರಿರಾಜ ಹೇಂಟೆಗಳಲ್ಲಿ ಎರಡು ಮಹಾ ಜೋರು, ನೆಟ್ಟಿನ ಹೊರಗಿಂದಲೇ ಕುಕ್ಕಲಿಕ್ಕೆ ನೋಡ್ತವೆ. ಅಮ್ಮ ಹೇಳುದು ಸುಮ್ಮನೆ ಬಿಡು ಮಾರಾಯ, ಹಿಂದೆ ಯಾರು ನೆಟ್ ಕಟ್ಟಿದ್ದು ಅಂತ. ಮಳೆ ಹಿಡಿಯುವ ಮೊದಲು ಒಂದು ದಾರಿ ಆಗ್ಬೇಕಿತ್ತು.

ಕಾರ್ಕಳದಕ್ಕ:
ಫುಡ್ಡಿನ ವಿಷಯ ಮೊದಲು ಹೇಳ್ತೇನೆ, ಅದು ಸುಲಭ. ಲೇಯರ್ ಫೀಡ್ ನಿಲ್ಲಿಸಿ. ಎಲ್ಲದಕ್ಕೂ ಸ್ಟಾರ್ಟರ್ ಅಥವಾ ಗ್ರೋವರ್ (ಬೆಳೆಯುವ ಕೋಳಿಯ ಫುಡ್) ಒಂದೇ ಹಾಕಿ, ಮೊಟ್ಟೆ ಇಡುವ ಹೇಂಟೆಗೆ ಬೇಕಾದ ಕ್ಯಾಲ್ಸಿಯಂ ಬೇರೆ ಪಾತ್ರೆಯಲ್ಲಿ ಇಡಿ. ಲೇಯರ್ ಫೀಡಲ್ಲಿ ಕ್ಯಾಲ್ಸಿಯಂ ಸುಮಾರು 3ರಿಂದ 4 ಪರ್ಸೆಂಟ್ ಇರ್ತದೆ, ಮರಿಗೆ ಬೇಕಾದ್ದು 1ರ ಆಸುಪಾಸು, ಹೆಚ್ಚಾದದ್ದು ದಿನಾ ಹೊಟ್ಟೆಗೆ ಹೋದ್ರೆ ಕಿಡ್ನಿಗೆ ಪೆಟ್ಟು. ಒಂದೆರಡು ಸಲ ಕದ್ದು ತಿಂದ್ರೆ ಏನೂ ಆಗುದಿಲ್ಲ, ಹೆದರ್ಬೇಡಿ. ಅದೇ ದೊಡ್ಡ ಕೋಳಿ ಸ್ಟಾರ್ಟರ್ ತಿಂದ್ರೆ ಅದಕ್ಕೆ ಎಂತ ತೊಂದರೆ ಇಲ್ಲ, ನಿಮ್ಮ ಕಿಸೆಗೆ ಮಾತ್ರ. ಕ್ಯಾಲ್ಸಿಯಂಗೆ ಪೇಟೆಯಿಂದ ತರುವ ಅಗತ್ಯವೂ ಇಲ್ಲ, ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದ ದಿನ ಚಿಪ್ಪು ಬಿಸಾಡ್ಬೇಡಿ, ತೊಳೆದು ಬಿಸಿಲಿಗೆ ಒಣಗಿಸಿ ಕುಟ್ಟಿ ಇಡಿ. ಬೇಕಾದ ಹೇಂಟೆ ಬೇಕಾದಷ್ಟೇ ತಿಂತದೆ, ಮರಿ ಅದರ ಹತ್ರ ಹೆಚ್ಚು ಹೋಗುದಿಲ್ಲ. ತಾಯಿ ಕೋಳಿ ಈಗ ಮೊಟ್ಟೆ ಇಡುದಿಲ್ಲವಲ್ಲ, ಅದಕ್ಕೆ ಸದ್ಯ ಅದೂ ಬೇಡ.

ಒಂದು ಮಾತ್ರ, ಸ್ಟಾರ್ಟರ್ ಚೀಲದ ಮೇಲೆ ಕಾಕ್ಸಿಡಿಯೋಸ್ಟ್ಯಾಟ್ ಅಂತ ಬರ್ದಿದ್ರೆ ಅದು ಮರಿಯ ರಕ್ತ ಹಿಕ್ಕೆ ಕಾಯಿಲೆಗೆ ಮದ್ದು ಬೆರೆಸಿದ್ದು, ಮೊಟ್ಟೆ ಇಡುವ ಕೋಳಿಗೆ ಅದನ್ನು ಹಾಕಿದ್ರೆ ಮದ್ದಿನ ಅಂಶ ಮೊಟ್ಟೆಗೂ ಬರ್ತದೆ. ಎಲ್ಲದಕ್ಕೂ ಒಂದೇ ಫುಡ್ ಅಲ್ವ, ಹಾಗಾಗಿ ಮದ್ದಿಲ್ಲದ್ದೇ ತನ್ನಿ.

ಪಡುಬಿದ್ರೆ_ಹಳಬ:
ಅಮ್ಮ ಹೇಳಿದ್ದು ಸರಿ ಉಂಟು ಅಲ್ವ. ನಮ್ಮಲ್ಲಿ ಕಡಿ ಅಕ್ಕಿ, ತೌಡು, ಉಳಿದ ಕುಚ್ಚಲಕ್ಕಿ ಅನ್ನ, ಒಣ ಮೀನಿನ ತಲೆ, ಇಷ್ಟೇ. ತಾಯಿ ಗೆದ್ದಲು ಕೆದಕಿ ಕೊಡ್ತದೆ, ಮರಿ ತಿಂತದೆ. ಸ್ಟಾರ್ಟರ್ ಗೀರ್ಟರ್ ಎಲ್ಲ ಕಂಪೆನಿಯವರ ಲಾಭಕ್ಕೆ.

ಕಾರ್ಕಳದಕ್ಕ:
ಅಣ್ಣ, ಗೆದ್ದಲು ಇದ್ರೆ ನಿಮ್ಮ ಮಾತು ಒಪ್ತೇನೆ, ಗೆದ್ದಲು ಅಂದ್ರೆ ಪ್ರೋಟೀನೇ. ಆದ್ರೆ ನೆಟ್ಟಿನ ಒಳಗೆ ಇರುವ ಮರಿಗೆ ಗೆದ್ದಲು ಎಲ್ಲಿಂದ ಬರ್ಬೇಕು? ಮರಿಗೆ ಮೊದಲ ಎಂಟು ವಾರ ಸುಮಾರು 20 ಪರ್ಸೆಂಟ್ ಪ್ರೋಟೀನ್ ಬೇಕು, ಕಡಿ ಅಕ್ಕಿಯಲ್ಲಿ ಅದರ ಅರ್ಧವೂ ಇಲ್ಲ. ಹಿಂದಿನವರು ಹತ್ತು ಮರಿ ಇಳಿಸಿದ್ರಲ್ಲಿ ದೊಡ್ಡದಾದದ್ದು ಮೂರೋ ನಾಲ್ಕೋ, ಬಾಕಿದ್ದನ್ನು ಗಿಡುಗನ ಲೆಕ್ಕಕ್ಕೆ ಬರೆಯುದು. ಮತ್ತೆ ಒಣ ಮೀನು ಮರಿಗೆ ಬೇಡವೇ ಬೇಡ, ಅದರ ಉಪ್ಪು ಸಣ್ಣ ಮರಿಗೆ ವಿಷ ಆಗ್ತದೆ. ಕೊಡುದೇ ಆದ್ರೆ ಉಪ್ಪು ಹಾಕದೆ ಒಣಗಿಸಿದ್ದು ಪುಡಿ ಮಾಡಿ, ಚೂರೇ ಚೂರು.

ಹಟ್ಟಿಮನೆ_ಮೂಡಬಿದ್ರೆ:
ಫುಡ್ ಆಯ್ತು, ಇನ್ನು ಜಗಳದ ವಿಷಯ. ನನ್ನ ಕೇಳಿದ್ರೆ ಈಗಲೇ ಬಿಡ್ಲಿಕ್ಕೆ ಶುರು ಮಾಡಿ, ತಾಯಿ ಮರಿಗಳನ್ನು ಬಿಟ್ಟ ಮೇಲೆ ಅಲ್ಲ. ಹೆಚ್ಚಿನವರು ಮರಿ ದೊಡ್ಡದಾಗ್ಲಿ ಅಂತ ಕಾಯ್ತಾರೆ, ಅಷ್ಟರಲ್ಲಿ ತಾಯಿಗೆ ಮರಿಗಳ ಮೇಲೆ ಆಸೆ ಹೋಗಿರ್ತದೆ, ಆಮೇಲೆ ಆ ಮರಿಗಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಈಗ ಊರಿನ ಹೇಂಟೆ ಅಂದ್ರೆ ಅದರ ಎದುರು ಗಿರಿರಾಜ ಅಲ್ಲ, ನಾಯಿಯೂ ಹತ್ರ ಬರುದಿಲ್ಲ, ಕೋಳಿ ಅಂಕದ (ಕಾಳಗದ) ಜಾತಿಯ ರಕ್ತ ಚೂರು ಇದ್ರಂತೂ ಕೇಳುದೇ ಬೇಡ. ಒಂದೆರಡು ಸಲ ಅದು ಹಾರಿ ಹೊಡೆದ್ರೆ ಆ ಜೋರು ಹೇಂಟೆಗಳಿಗೆ ಈ ಮರಿಗಳನ್ನು ಮುಟ್ಲಿಕ್ಕಿಲ್ಲ ಅಂತ ಗೊತ್ತಾಗ್ತದೆ. ಹುಂಜದ ಹೆದರಿಕೆ ಸಾಧಾರಣ ಇರುದಿಲ್ಲ, ಕಿರಿಕಿರಿ ಮಾಡುದು ಹೇಂಟೆಗಳೇ.

ಹೇಗೆ ಬಿಡುದು ಅಂದ್ರೆ ದೊಡ್ಡ ಕೋಳಿಗಳು ಬೆಳಿಗ್ಗೆ ಹೊಟ್ಟೆ ತುಂಬ ತಿಂದು ತೋಟಕ್ಕೆ ಇಳಿದ ಮೇಲೆ, ಸಂಜೆ ಹೊತ್ತು, ನೀವು ಅಲ್ಲೇ ನಿಂತು ತಾಯಿ ಮರಿಯನ್ನು ಹೊರಗೆ ಬಿಡಿ. ಗೂಡಿನ ಒಳಗೆ ಮೊದಲ ಸಲ ಒಟ್ಟು ಮಾಡ್ಬೇಡಿ, ಓಡ್ಲಿಕ್ಕೆ ಜಾಗ ಇಲ್ಲದಲ್ಲಿ ಪೆಟ್ಟು ಜಾಸ್ತಿ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಜಾಸ್ತಿ ಮಾಡ್ತಾ ಹೋಗಿ. ಫುಡ್ಡೂ ನೀರೂ ಎರಡು ಮೂರು ಕಡೆ ಇಡಿ, ಒಂದು ಕಡೆಯಿಂದ ಓಡಿಸಿದ್ರೆ ಇನ್ನೊಂದು ಕಡೆ ತಿನ್ನಬೇಕು. ಮರಿಗೆ ಮಾತ್ರ ನುಗ್ಲಿಕ್ಕೆ ಆಗುವ ಒಂದು ಜಾಗವೂ ಬೇಕು, ನಾನು ಹಣ್ಣಿನ ಪ್ಲಾಸ್ಟಿಕ್ ಕ್ರೇಟ್ ಕವುಚಿ ಹಾಕಿ ನಾಲ್ಕು ಮೂಲೆಗೆ ಇಟ್ಟಿಗೆ ತುಂಡು ಕೊಟ್ಟು ಎತ್ತರ ಮಾಡ್ತೇನೆ, ಮರಿಯ ಫುಡ್ ಅದರ ಅಡಿಯಲ್ಲಿ. ದೊಡ್ಡದಕ್ಕೆ ತಲೆ ಮಾತ್ರ ಹಾಕ್ಲಿಕ್ಕೆ ಆಗುದು. ನೀರಿಗೆ ತಟ್ಟೆ ಸಾಕು, ಅದಕ್ಕೆ ನಾಲ್ಕು ಕಲ್ಲು ಹಾಕಿ, ಇಲ್ಲದಿದ್ರೆ ಮರಿ ಮುಳುಗ್ತದೆ.

ಎಲ್ಲಿಯಾದ್ರೂ ಒಂದು ಮರಿಗೆ ರಕ್ತ ಬಂತು ಅಂತಾದ್ರೆ ಆ ಕ್ಷಣವೇ ಬೇರೆ ಮಾಡಿ. ಕೆಂಪು ಕಂಡ್ರೆ ಉಳಿದದ್ದೆಲ್ಲ ಅಲ್ಲಿಗೇ ಕುಕ್ಕುದು, ಅದರ ಕೂಡಹುಟ್ಟಿದ ಮರಿಗಳೂ ಬಿಡುದಿಲ್ಲ.

ತೋಟದಬದಿ_ಹಿರಿಯಡ್ಕ:
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಹಟ್ಟಿಮನೆಯವರೇ. ನಿನ್ನೆ ಸಂಜೆ ಬಿಟ್ಟು ನೋಡಿದೆ. ಜೋರು ಹೇಂಟೆಯಲ್ಲಿ ಒಂದು ಹತ್ರ ಬಂತು, ತಾಯಿ ರೆಕ್ಕೆ ಬಿಡಿಸಿ ಹಾರಿದ್ದೇ ಹಾರಿದ್ದು, ಅದು ಅಬ್ಬಲಿಗೆ ಗಿಡದ ಹಿಂದೆ ಹೋಗಿ ನಿಂತಿತು. ತಾಯಿ ಮರಿಗಳನ್ನು ಬಿಡುದು ಯಾವಾಗ ಅಂತ ಗೊತ್ತಾಗುದು ಹೇಗೆ? ಮತ್ತೆ ಇವಕ್ಕೆ ಲಸಿಕೆ ಹಾಕ್ಸಿಲ್ಲ, ತಡ ಆಯ್ತಾ?

ಹಟ್ಟಿಮನೆ_ಮೂಡಬಿದ್ರೆ:
ಅದೇ ಕುಕ್ಕಿ ಓಡಿಸ್ಲಿಕ್ಕೆ ಶುರು ಮಾಡ್ತದೆ, ಪುನಃ ಮೊಟ್ಟೆ ಇಡ್ತದೆ, ರಾತ್ರಿ ಮರಿ ಬಿಟ್ಟು ಮೇಲೆ ಅಡ್ಡ ಕೋಲಿಗೆ ಹಾರಿ ಕೂರ್ತದೆ. ಕೆಲವು ಆರು ವಾರಕ್ಕೇ ಬಿಡ್ತವೆ, ಕೆಲವು ಎರಡು ಎರಡೂವರೆ ತಿಂಗಳು. ನೀವಾಗಿ ಬೇರೆ ಮಾಡ್ಬೇಡಿ. ಬಿಟ್ಟ ಮೇಲೆ ಮರಿಗಳು ಒಂದು ಗುಂಪಾಗಿ ಬದಿಯಲ್ಲಿ ಇರ್ತವೆ, ಚೂರು ಪೆಟ್ಟು ತಿಂತವೆ, ಅದು ಇದ್ದದ್ದೇ. ಅವಕ್ಕೆ ತಗ್ಗಿನಲ್ಲಿ ಬೇರೆ ಒಂದು ಕೋಲು ಕಟ್ಟಿ ಕೊಡಿ, ಮೇಲಿನ ಕೋಲಿಗೆ ದೊಡ್ಡದು ಸೇರಿಸುದಿಲ್ಲ. ಈ ಮರಿಗಳು ಮೊಟ್ಟೆ ಇಡ್ಲಿಕ್ಕೆ ಶುರು ಮಾಡುವವರೆಗೆ ಆ ಫುಡ್ ಮತ್ತೆ ಚಿಪ್ಪಿನ ಕ್ರಮ ಬದಲಿಸ್ಬೇಡಿ.

ಕಾರ್ಕಳದಕ್ಕ:
ಲಸಿಕೆ ನಾಳೆಯೇ ಪಶು ಆಸ್ಪತ್ರೆಯಲ್ಲಿ ಕೇಳಿ. ರಾಣಿಖೇತ್ ಅಂತ ಕೋಳಿಯ ಕಾಯಿಲೆ, ಅದಕ್ಕೆ ಲಸೋಟ ಲಸಿಕೆಯ ಹನಿ ಸಾಧಾರಣ ಮೊದಲ ವಾರವೇ ಕಣ್ಣಿಗೋ ಮೂಗಿಗೋ ಹಾಕುದು, ಆಗದಿದ್ರೆ ಈಗಲೂ ಹಾಕ್ಬಹುದು, ಮತ್ತೆ ಸುಮಾರು ಎಂಟು ವಾರಕ್ಕೆ ಆರ್‌ಟುಬಿ ಇಂಜೆಕ್ಷನ್. ಒಂದು ಬಾಟ್ಲಿಯಲ್ಲಿ ನೂರು ಇನ್ನೂರು ಕೋಳಿಗೆ ಆಗುವಷ್ಟು ಇರ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸ್ಬೇಕು, ಹಾಗಾಗಿ ಆಚೆಮನೆ ಈಚೆಮನೆಯವರನ್ನೂ ಸೇರಿಸಿ. ತರುವಾಗ ಐಸ್ ಹಾಕಿದ ಥರ್ಮಾಸ್ ತಕೊಂಡು ಹೋಗಿ. ಕೋಳಿ ಸಿಡುಬಿನದ್ದೂ ಕೇಳಿ, ಮಳೆಗಾಲದಲ್ಲಿ ಸೊಳ್ಳೆಯಿಂದ ಬರುದು ಅದು.

ಮತ್ತೆ ಜೂನಿಗೆ ಹಟ್ಟಿಯ ನೆಲ ಒದ್ದೆ ಆಗ್ಲಿಕ್ಕೆ ಬಿಡ್ಬೇಡಿ, ಉಮಿ ದಪ್ಪಕ್ಕೆ ಹಾಕಿ ಆಗಾಗ ಬದಲಿಸಿ. ಮರಿ ಗುಮ್ಮ ಕೂತು ಹಿಕ್ಕೆಯಲ್ಲಿ ರಕ್ತ ಕಂಡ್ರೆ ಅದು ಕಾಕ್ಸಿಡಿಯೋಸಿಸ್ ಅಂತ ಕರುಳಿನ ಕಾಯಿಲೆ, ಮನೆಮದ್ದು ಅಂತ ಕೂರ್ಬೇಡಿ, ಅದೇ ದಿನ ಡಾಕ್ಟ್ರಿಗೆ ಹೇಳಿ ಆಂಪ್ರೋಲಿಯಂ ತಂದು ನೀರಿಗೆ ಹಾಕಿ. ಫುಡ್ ಚೀಲ ಒಟ್ಟಿಗೆ ಎರಡು ತರ್ಬೇಡಿ, ನಮ್ಮ ಮಳೆಗೆ ಬೂಸ್ಟು ಬರ್ತದೆ, ಬೂಸ್ಟು ಬಂದದ್ದು ಮರಿಯ ಲಿವರಿಗೆ ಆಗುದಿಲ್ಲ. ವಾಸನೆ ಬಂದ್ರೆ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ, ಇಲ್ಲದಿದ್ರೆ ಕೋಳಿ ಅಲ್ಲಿಯೂ ಹೋಗಿ ಕೆದಕ್ತದೆ.