ಅಪ್‌ಡೇಟ್: ಇಟಿಪಿ (ಕಾರ್ಖಾನೆಯ ಕೊಳಕು ನೀರು ಶುದ್ಧ ಮಾಡುವ ಘಟಕ) ನೀರಿನ ಬಣ್ಣ ಹೋಯ್ತು, ಕಾರ್ಬನ್ ಈಗ ಬಾಳಿಕೆ ಬರ್ತಾ ಉಂಟು

ಮಂಗಳೂರು ಬೈಕಂಪಾಡಿಯ ನಮ್ಮ ಡೈಯಿಂಗ್ ಯುನಿಟ್‌ನಲ್ಲಿ ಔಟ್‌ಲೆಟ್ ನೀರಿನ ಬಣ್ಣ ಹೋಗ್ತಿಲ್ಲ, ಸಿಒಡಿ (ನೀರಿನ ಕಲ್ಮಶ ರಾಸಾಯನಿಕವಾಗಿ ಕರಗಿಸ್ಲಿಕ್ಕೆ ಬೇಕಾದ ಆಮ್ಲಜನಕದ ಲೆಕ್ಕ) ಲೀಟರಿಗೆ 250 ಮಿಲಿಗ್ರಾಂ ಲಿಮಿಟಿನ ಕೆಳಗೆ ಇಳೀತಿಲ್ಲ, ಆಕ್ಟಿವೇಟೆಡ್ ಕಾರ್ಬನ್ (ಕಲ್ಮಶ ಹಿಡಿದಿಡುವ ಸಣ್ಣ ಸಣ್ಣ ರಂಧ್ರಗಳ ಇದ್ದಿಲು) ಬೇಗ ಕೈಕೊಡ್ತದೆ ಅಂತ ಕೇಳಿದ್ದೆನಲ್ಲ, ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್ ಮಾರಾಯ್ರೆ, ಈಗ ಎಲ್ಲ ಸರಿಯಾಗಿದೆ.

ನಮ್ಮಲ್ಲಿ ಇದ್ದದ್ದು ತೆಂಗಿನ ಗೆರಟೆಯ ಕಾರ್ಬನ್. ಅದರಲ್ಲಿ 2 ನ್ಯಾನೋಮೀಟರಿಗಿಂತ ಸಣ್ಣ ರಂಧ್ರಗಳೇ ಜಾಸ್ತಿ, ಫಿನಾಲ್ ತರದ ಸಣ್ಣ ಅಣುಗಳಿಗೆ ಫಸ್ಟ್ ಕ್ಲಾಸ್, ಆದ್ರೆ ಡೈಯ ದೊಡ್ಡ ಅಣುಗಳು ಸರಿಯಾಗಿ ಒಳಗೇ ಹೋಗುದಿಲ್ಲ, ಹಾಗಾಗಿ ಸ್ವಲ್ಪ ದೊಡ್ಡ ರಂಧ್ರ ಇರುವ ಕಲ್ಲಿದ್ದಲಿನ ಕಾರ್ಬನ್ ಹಾಕಿಸಿದೆವು.

ಇನ್ನೊಂದು, ಕಾಲಮ್ (ಕಾರ್ಬನ್ ತುಂಬಿದ ಟ್ಯಾಂಕ್) ಬಿಚ್ಚಿ ನೋಡಿದ್ರೆ ಮೇಲಿನ ಪದರ ಪೂರ್ತಿ ಲೋಳೆ, ಕೈ ಹಾಕಿದ್ರೆ ಹರಳುಗಳು ಅಂಟಿಕೊಂಡು ಗಟ್ಟಿಯಾಗಿ ಎದ್ದು ಬರ್ತಿತ್ತು, ಕೆಳಗಿನದ್ದು ಮಾತ್ರ ಹೊಸದರ ಹಾಗೇ ಇತ್ತು! ಹಾಗಾಗಿ ನೀರು ಕಾಲಮ್ಮಿಗೆ ಹೋಗುವ ಮೊದಲು ಒಂದು ಸ್ಯಾಂಡ್ ಫಿಲ್ಟರ್ ಕೂರಿಸಿ, ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹಾಯಿಸಿ ತೊಳೆಯುದು) ತಪ್ಪದೆ ಮಾಡ್ತಿದ್ದೇವೆ. ಎರಡು ಕಾಲಮ್ ಒಂದರ ಹಿಂದೆ ಒಂದು ಇಟ್ಟದ್ದರಿಂದ ಮೊದಲನೇದು ತುಂಬಿದ್ರೂ ಎರಡನೇದು ಹಿಡೀತದೆ. ಬಯಾಲಾಜಿಕಲ್ ಟ್ರೀಟ್‌ಮೆಂಟ್ (ಬ್ಯಾಕ್ಟೀರಿಯಾ ಬಿಟ್ಟು ಕಲ್ಮಶ ಕಳೆಯುದು) ಬಿಟ್ಟು ಬರೀ ಕಾರ್ಬನ್ ನಂಬಿದ್ರೆ ಮಾತ್ರ ಖರ್ಚು ತಡೀಲಿಕ್ಕಾಗುದಿಲ್ಲ, ಅದು ಕೊನೆಯ ಪಾಲಿಶಿಂಗಿಗೇ ಸರಿ.

ಮತ್ತೆ ದಯವಿಟ್ಟು ಹಳೇ ಕಾರ್ಬನ್ ತೋಡಿನ ಬದಿ ಸುರೀಬೇಡಿ, ನಮ್ಮ ಮಳೆಗೆ ಅದು ಸೀದಾ ಫಲ್ಗುಣಿ ನದಿಗೆ ಹೋಗ್ತದೆ. ನಮ್ಮದನ್ನು ಡ್ರಮ್ಮಲ್ಲಿ ಮುಚ್ಚಿಟ್ಟಿದ್ದೇವೆ, 800 ಡಿಗ್ರಿ ಆಸುಪಾಸಲ್ಲಿ ಕಾಯಿಸಿ ರೀಆಕ್ಟಿವೇಟ್ (ಪುನಃ ಬಳಸುವ ಹಾಗೆ) ಮಾಡುವವರ ಹತ್ರ ಮಾತಾಡ್ತಾ ಇದ್ದೇನೆ.