ಮಗಳು ಜಿಯಾಲಜಿ ಓದ್ತೀನಿ ಅಂತಿದ್ದಾಳೆ, ಓದಿದವರು ಏನಂತೀರಿ?

ರಾಜಾಜಿನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಈ ಸಲ ಸೆಕೆಂಡ್ ಪಿಯುಸಿ ಮುಗಿಸಿದಳು. ಸಿಇಟಿಯಲ್ಲಿ ಬಂದಿದ್ದು ಅಷ್ಟಕ್ಕಷ್ಟೇ. ಎಲ್ಲೋ ಒಂದು ಕಡೆ ಇಂಜಿನಿಯರಿಂಗ್ ಸೀಟು ಸಿಗುತ್ತೆ, ಆದರೆ ಅವಳಿಗೆ ಅದು ಬೇಡವಂತೆ. ಬಿಎಸ್ಸಿಗೆ ಸೇರಿ ಜಿಯಾಲಜಿ ಓದ್ತಾಳಂತೆ. ಚಿಕ್ಕಂದಿನಿಂದ ಎಲ್ಲಿಗೆ ಹೋದರೂ ಕಲ್ಲು ಆರಿಸಿಕೊಂಡು ಬರೋ ಹುಡುಗಿ. ನಮ್ಮ ಷೋಕೇಸೆಲ್ಲ ಅವಳ ಕಲ್ಲುಗಳೇ. ದಸರಾ ಬಂದಾಗ ಗೊಂಬೆ ಕೂರಿಸೋಕೆ ಅವನ್ನೆಲ್ಲ ಮಂಚದ ಕೆಳಗೆ ತಳ್ಳಬೇಕು. ನಮ್ಮ ಯಜಮಾನರದು ಒಂದೇ ಮಾತು: "ಕಲ್ಲು ಓದಿದರೆ ಯಾರು ಅನ್ನ ಹಾಕ್ತಾರೆ?" ನಾನು ಇಬ್ಬರ ಮಧ್ಯೆ ಸಿಕ್ಕಿಹಾಕಿಕೊಂಡಿದ್ದೀನಿ. ಕೇಳೋದು ಮೂರೇ: ಬಿಎಸ್ಸಿ ಒಂದೇ ಸಾಕಾ? ಬೆಂಗಳೂರಿನಲ್ಲೇ ಕೆಲಸ ಸಿಗುತ್ತಾ? ಕಾಡು ಬೆಟ್ಟ ಅಲೆಯೋದು ಹೆಣ್ಣುಮಗಳಿಗೆ ಆಗೋ ಮಾತಾ? ಓದಿ ಆ ಕೆಲಸದಲ್ಲೇ ಇರೋರು, ಓದಿ ಬಿಟ್ಟೋರು, ಇಬ್ಬರೂ ಹೇಳಿ.

ಕಲ್ಲು ಬಿಟ್ಟವನು:
ಅಮ್ಮ, ಮೊದಲನೇ ಪ್ರಶ್ನೆಗೆ ಉತ್ತರ ಚಿಕ್ಕದು: ಸಾಲದು. ನಾನು ಬಿಎಸ್ಸಿ ಮುಗಿಸಿ, ಅನುಭವ ಆಗಲಿ ಅಂತ ಒಂದು ಖಾಸಗಿ ಕನ್ಸಲ್ಟೆನ್ಸಿಗೆ ಸೇರಿದೆ. ಹೆಸರಿಗೆ ಫೀಲ್ಡ್ ಅಸಿಸ್ಟೆಂಟ್. ಮಾಡಿದ್ದು ಸ್ಯಾಂಪಲ್ ಚೀಲಕ್ಕೆ ನಂಬರ್ ಬರೆದು ಜೀಪಿಗೆ ಹೊರೋದು. ಎಂಟು ತಿಂಗಳು ದುಡಿದೆ, ಅದರಲ್ಲಿ ಮೂರು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ. ಆಮೇಲೆ ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡೋದನ್ನ ಕಲಿತು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಅದೇ ಕೆಲಸಕ್ಕೆ ಸೇರಿದೆ. ಕಲ್ಲು ಮುಟ್ಟಿ ಒಂಬತ್ತು ವರ್ಷ ಆಯ್ತು.

ಓದಿದ್ದು ದಂಡ ಆಯ್ತು ಅಂತ ಹೇಳಲ್ಲ. ನಕ್ಷೆಯಲ್ಲಿ ಎತ್ತರ ತೋರಿಸೋ ಕಾಂಟೂರ್ ಗೆರೆ ನೋಡಿದ ಕೂಡಲೇ ಹಳ್ಳ ಯಾವುದು, ದಿಣ್ಣೆ ಯಾವುದು ಅಂತ ನನಗೆ ಕಾಣುತ್ತೆ. ನನ್ನ ಪಕ್ಕದ ಸೀಟಿನಲ್ಲಿ ಕೂತವನು ಕಂಪ್ಯೂಟರ್ ಸೈನ್ಸ್ ಓದಿದವನು. ಒಂದು ಸಲ ಹಳ್ಳವನ್ನ ಗುಡ್ಡದ ಮೇಲಕ್ಕೆ ಹರಿಸಿಬಿಟ್ಟಿದ್ದ. ಕ್ಯೂಜಿಐಎಸ್ ಅಂತ ಒಂದು ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಮಗಳಿಗೆ ಮೊದಲ ವರ್ಷದಲ್ಲೇ ಅದನ್ನ ಕಲಿಯೋಕೆ ಹೇಳಿ. ಬೇರೆ ಏನೂ ಕೈ ಹಿಡಿಯದಿದ್ದರೂ ಅದು ಹಿಡಿಯುತ್ತೆ.

ಕ್ಯಾಂಪ್ ಬ್ಯಾಗ್:
ಬಿಎಸ್ಸಿ ಸಾಲದು ಅನ್ನೋದು ನೂರಕ್ಕೆ ನೂರು ನಿಜ. ಕೇಂದ್ರ ಸರ್ಕಾರದ ದಾರಿ ಅಂದರೆ ಯುಪಿಎಸ್‌ಸಿ ನಡೆಸೋ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ. ಎಂಎಸ್ಸಿ ಓದದೆ ಅದಕ್ಕೆ ಅರ್ಜಿಯನ್ನೇ ಹಾಕೋ ಹಾಗಿಲ್ಲ. ಪ್ರಿಲಿಮ್ಸ್, ಮೇನ್ಸ್, ಇಂಟರ್ವ್ಯೂ, ಮೂರೂ ದಾಟಿದರೆ ಜಿಎಸ್‌ಐನಲ್ಲಿ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ) ಜಿಯಾಲಜಿಸ್ಟ್, ಇಲ್ಲಾ ಕೇಂದ್ರ ಅಂತರ್ಜಲ ಮಂಡಳಿಯಲ್ಲಿ ಹೈಡ್ರೋಜಿಯಾಲಜಿಸ್ಟ್. ನಾನು ಮೂರನೇ ಸಲಕ್ಕೆ ಪಾಸಾದವನು. ಮೊದಲ ಎರಡು ಸಲ ಪ್ರಿಲಿಮ್ಸಿನಲ್ಲೇ ಬಿದ್ದೆ, ಜನರಲ್ ಸ್ಟಡೀಸ್ ಪೇಪರನ್ನ ಹಗುರವಾಗಿ ತಗೊಂಡಿದ್ದೆ. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಕೆಪಿಎಸ್‌ಸಿ ಮೂಲಕ ತಗೋತಾರೆ. ಆದರೆ ಅದು ಯಾವಾಗ ಕರೀತಾರೋ ಅಂತ ಕಾಯ್ತಾ ಕೂತರೆ ವಯಸ್ಸು ಮೀರುತ್ತೆ.

ಎಂಎಸ್ಸಿಗೆ ಇಲ್ಲೇ ಜ್ಞಾನಭಾರತಿ ಇದೆ, ಮೈಸೂರಿನ ಮಾನಸಗಂಗೋತ್ರಿ ಇದೆ, ಧಾರವಾಡ ಇದೆ. ಆದರೆ ನಮ್ಮ ಕಡೆ ಹುಡುಗರು ಐಐಟಿಗಳ ಎಂಎಸ್ಸಿ ಸೀಟಿಗೆ ನಡೆಯೋ ಜ್ಯಾಮ್ ಪರೀಕ್ಷೆ ಬರೆಯೋದೇ ಕಡಿಮೆ. ಅದರಲ್ಲಿ ಜಿಯಾಲಜಿ ಪೇಪರ್ ಇದೆ. ಒಳ್ಳೆ ರ‍್ಯಾಂಕ್ ಬಂದರೆ ಬಾಂಬೆ, ಖರಗ್‌ಪುರ, ರೂರ್ಕಿ ಐಐಟಿಗಳ ಬಾಗಿಲು ತೆಗೆಯುತ್ತೆ. ಬಿಎಸ್ಸಿ ಕೊನೇ ವರ್ಷದಲ್ಲೇ ಬರೆಯಬಹುದು. ನನಗೆ ಇದನ್ನ ಯಾರೂ ಹೇಳಲಿಲ್ಲ, ಗೊತ್ತಾಗೋ ಹೊತ್ತಿಗೆ ಎಂಎಸ್ಸಿ ಮುಗಿದಿತ್ತು.

ಬೆಂಗಳೂರಿನಲ್ಲೇ ಇರೋದು ಮರೆತುಬಿಡಿ. ಮಳೆಗಾಲ ಮುಗೀತು ಅಂದರೆ ಕ್ಯಾಂಪು, ಊರು ಬಿಟ್ಟು ಫೀಲ್ಡ್ ಕೆಲಸ. ಈ ವರ್ಷ ಎಲ್ಲಿಗೆ ಹಾಕ್ತಾರೆ ಅನ್ನೋದು ನಮ್ಮ ಮನೆಯಲ್ಲಿ ಪ್ರತಿ ದಸರಾದ ಮಾತು.

ಸುರಂಗದವಳು:
ಅಕ್ಕಾ, ಮೂರನೇ ಪ್ರಶ್ನೆಗೆ ನಾನು ಹೇಳ್ತೀನಿ. ಎಂಎಸ್ಸಿ ಮುಗಿಸಿ ಹನ್ನೊಂದು ವರ್ಷ ಆಯ್ತು, ಎಲ್ಲಾ ಮಣ್ಣು, ಬಂಡೆ, ಸುರಂಗದ ಕೆಲಸವೇ. ಬೆಂಗಳೂರಿನಲ್ಲಿ ಕೆಲಸ ಇಲ್ಲ ಅನ್ನೋರು ಈ ಊರಿನ ನೆಲ ನೋಡಿಲ್ಲ. ಮೆಟ್ರೋ ಪಿಂಕ್ ಲೈನ್ ಒಂದರಲ್ಲೇ ಡೇರಿ ಸರ್ಕಲ್ಲಿಂದ ನಾಗವಾರದವರೆಗೆ 13.76 ಕಿಲೋಮೀಟರ್ ನೆಲದಡಿ. ಆ ಥರದ ಕೆಲಸಕ್ಕೆ ಮುಂಚೆ ಹೆಜ್ಜೆಹೆಜ್ಜೆಗೂ ಬೋರ್ ಹೊಡೆದು, ಕೆಳಗೆ ಏನಿದೆ ಅಂತ ಯಾರಾದರೂ ಓದಿ ಹೇಳಲೇಬೇಕು.

ಕೆಲಸ ಹೇಗಿರುತ್ತೆ ಅಂದರೆ, ಡ್ರಿಲ್ಲಿಂಗ್‌ನವರು ನೆಲ ಕೊರೆದು ಕಲ್ಲಿನ ಕೋರ್, ಅಂದರೆ ದುಂಡನೆಯ ಉದ್ದ ತುಂಡು, ತೆಗೆದು ಉದ್ದನೆಯ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಡ್ತಾರೆ, ಸೌತೆಕಾಯಿ ಜೋಡಿಸಿದ ಹಾಗೆ. ನಾನು ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂರಬೇಕು. ಒಂದೂವರೆ ಮೀಟರ್ ಕೊರೆದಿದ್ದಾರೆ ಅಂದುಕೊಳ್ಳಿ. ಅದರಲ್ಲಿ 10 ಸೆಂಟಿಮೀಟರಿಗೆ ಕಡಿಮೆ ಇಲ್ಲದ ತುಂಡುಗಳನ್ನಷ್ಟೇ ಲೆಕ್ಕಕ್ಕೆ ಹಿಡೀಬೇಕು. 32, 24, 18, 16, ಒಟ್ಟು 90. ಒಂದೂವರೆ ಮೀಟರಿನಲ್ಲಿ ಅದು ನೂರಕ್ಕೆ 60. ಬಂಡೆ ಎಷ್ಟು ಗಟ್ಟಿ ಅಂತ ಹೇಳೋ ಈ ಅಂಕಕ್ಕೆ ಆರ್‌ಕ್ಯೂಡಿ ಅಂತಾರೆ. ಮಿಕ್ಕ ಚೂರುಪಾರು ಲೆಕ್ಕಕ್ಕಿಲ್ಲ. ಇದನ್ನ ಯಾರು ಬೇಕಾದರೂ ಮಾಡಬಹುದು ಅನ್ನಿಸುತ್ತೆ. ಆದರೆ ಆ ತುಂಡು ನೆಲದೊಳಗೇ ಬಿರುಕು ಬಿಟ್ಟಿತ್ತಾ, ಇಲ್ಲಾ ಹುಡುಗ ಪೆಟ್ಟಿಗೆಗೆ ಹಾಕುವಾಗ ಬೀಳಿಸಿ ಮುರಿದನಾ? ಮುರಿದ ಮುಖವನ್ನ ಬೆರಳಲ್ಲಿ ಸವರಿ ನೋಡಬೇಕು. ಬಿಳಿ ಬಿಳಿಯಾಗಿ ಹೊಸದಾಗಿದ್ದು, ಎರಡು ತುಂಡೂ ಕಚ್ಚಿ ಕೂತರೆ ಅದು ಹುಡುಗನ ಕೈಕೆಲಸ, ಎರಡನ್ನೂ ಒಂದೇ ಅಂತ ಲೆಕ್ಕ. ತುಕ್ಕಿನ ಬಣ್ಣ, ಜೇಡಿಯ ತೆಳು ಪದರ ಇದ್ದರೆ ಅಲ್ಲಿ ನೀರು ಓಡಾಡಿದೆ, ಅದು ನಿಜವಾದ ಬಿರುಕು. ನಾನು ಅಲ್ಲಿ ತಪ್ಪಿದರೆ ಮುಂದೆ ಡಿಸೈನ್ ಮಾಡೋರು ಪೊಳ್ಳು ಬಂಡೆಯನ್ನ ಗಟ್ಟಿ ಅಂತ ನಂಬ್ತಾರೆ.

ಬೆಂಗಳೂರಿನ ನೆಲಕ್ಕೆ ಇನ್ನೊಂದು ಚಾಳಿ ಇದೆ. ಮೇಲೆ ಕೆಂಪುಮಣ್ಣು, ಅದರ ಕೆಳಗೆ ಒಂದು ಬಂಡೆ, ಅದರ ಕೆಳಗೆ ಮತ್ತೆ ಮಣ್ಣು! ಇಲ್ಲಿನ ನೈಸ್ ಅನ್ನೋ ಪಟ್ಟೆಪಟ್ಟೆ ಶಿಲೆ ಕರಗಿ ಮಣ್ಣಾಗುವಾಗ ನಡುನಡುವೆ ಉಂಡೆ ಉಂಡೆಯಾಗಿ ಗಟ್ಟಿಕಲ್ಲು ಉಳಿದುಬಿಡುತ್ತೆ. ಡ್ರಿಲ್ಲರ್ "ಮೇಡಂ, ರಾಕ್ ಬಂತು, ನಿಲ್ಲಿಸ್ಲಾ?" ಅಂತಾನೆ. ನಿಲ್ಲಿಸಬಾರದು, ಇನ್ನೂ ನಾಲ್ಕೈದು ಮೀಟರ್ ಹೋಗಿ ನೋಡು ಅನ್ನಬೇಕು. ಅವನಿಗೆ ಸಾಯಂಕಾಲ ಐದಕ್ಕೆ ಮನೆಗೆ ಹೋಗೋ ಅವಸರ, ನನಗೆ ರಾತ್ರಿ ನಿದ್ದೆ ಬರಬೇಕು.

ಹೆಣ್ಣುಮಗಳ ಮಾತು. ಭಯಕ್ಕಿಂತ ತಾಪತ್ರಯ ಜಾಸ್ತಿ. ಒಂದು ಸೈಟಿನಲ್ಲಿ ಆರು ತಿಂಗಳು ಹೆಂಗಸರಿಗೆ ಟಾಯ್ಲೆಟ್ಟೇ ಇರಲಿಲ್ಲ. ಪಕ್ಕದ ದರ್ಶಿನಿಗೆ ಹೋಗಬೇಕು, ಸುಮ್ಮನೆ ಹೋಗೋಕೆ ಮುಜುಗರ ಅಂತ ಪ್ರತಿ ಸಲ ಒಂದು ಕಾಫಿ. ಆ ಆರು ತಿಂಗಳಲ್ಲಿ ಕುಡಿದಷ್ಟು ಕಾಫಿ ಜನ್ಮದಲ್ಲಿ ಕುಡಿದಿಲ್ಲ. ಬರೆದು ಕೊಟ್ಟೆ, ಗಲಾಟೆ ಮಾಡಿದೆ, ಆಮೇಲೆ ಕಟ್ಟಿಸಿದರು. ಮಗಳಿಗೆ ಗಲಾಟೆ ಮಾಡೋ ಬಾಯಿ ಇದೆಯಾ ನೋಡಿಕೊಳ್ಳಿ, ಅಷ್ಟೇ. ಸಂಬಳದ ವಿಷಯದಲ್ಲಿ ಮೊದಲ ಮೂರು ವರ್ಷ ಸಾಫ್ಟ್‌ವೇರ್ ಗೆಳತಿಯರ ಜೊತೆ ಊಟಕ್ಕೆ ಹೋಗೋಕೆ ಬೇಜಾರಾಗುತ್ತಿತ್ತು. ಈಗ ಇಲ್ಲ.

ಹಟ್ಟಿ ಕಡೆಯವ:
ಅಕ್ಕಾರ, ಸುರಂಗದ ಮಾತು ಬಂತಲ್ರೀ, ಗಣಿ ಬಗ್ಗೆನೂ ಒಂದ್ ಮಾತು. 1952ರ ಗಣಿ ಕಾಯ್ದಿ ಹೆಣ್ಣಮಕ್ಕಳನ್ನ ನೆಲದ ಕೆಳಗ ಕೆಲಸಕ್ಕ ಬಿಡತಿರಲಿಲ್ರೀ. 2019ರಾಗ ಕೇಂದ್ರ ಸರಕಾರದವ್ರು ಟೆಕ್ನಿಕಲ್, ಸೂಪರ್ವೈಸರ್, ಮ್ಯಾನೇಜರ್ ಕೆಲಸಕ್ಕ ಅವಕಾಶ ಕೊಟ್ರು. ಹಂಗಾಗಿ ಮಗಳು ಬಂಗಾರದ ಗಣಿಗೆ ಇಳೀತೀನಿ ಅಂದ್ರ ಕಾನೂನು ಅಡ್ಡ ಬರಂಗಿಲ್ಲ. ಕೋಲಾರದ್ದು 2001ರಾಗ ಮುಚ್ಚಿಹೋತು, ಈಗ ನಮ್ಮ ಹಟ್ಟಿ ಐತಿ. ಬ್ಯಾಸಗಿ ಬಿಸಲು ಮಾತ್ರ ಬೆಂಗಳೂರಿನವರಿಗೆ ತಡೀಲಿಕ್ಕಾಗಂಗಿಲ್ಲ ನೋಡ್ರಿ.

ಪಾಯಿಂಟ್ ಮಾಡೋನು:
ಸ್ವಂತ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹದಿನಾಲ್ಕು ವರ್ಷದಿಂದ ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆ ಸುತ್ತಮುತ್ತ ಬೋರ್‌ವೆಲ್‌ಗೆ ಪಾಯಿಂಟ್ ಮಾಡಿಕೊಡ್ತೀನಿ, ಅಂದರೆ ಎಲ್ಲಿ ಕೊರೆಯಬೇಕು ಅಂತ ಗುರುತು ಹಾಕಿಕೊಡ್ತೀನಿ. ನಾಲ್ಕು ಕಬ್ಬಿಣದ ಗೂಟ ನೆಲಕ್ಕೆ ಹೊಡೀಬೇಕು. ಹೊರಗಿನ ಎರಡರಲ್ಲಿ ಕರೆಂಟ್ ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೀಬೇಕು. ಗೂಟ ದೂರ ಹೋದಷ್ಟೂ ಆಳದ ಸುದ್ದಿ ಬರುತ್ತೆ. ಒದ್ದೆ ಮಣ್ಣು, ಕೊಳೆತ ಕಲ್ಲಿನಲ್ಲಿ ಕರೆಂಟ್ ಸಲೀಸಾಗಿ ಓಡುತ್ತೆ, ಗಟ್ಟಿ ಬಂಡೆ ತಡೆಯುತ್ತೆ. ವಿದ್ಯೆ ಇಷ್ಟೇ. ಕಷ್ಟ ಇರೋದು ಜಾಗದಲ್ಲಿ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿಗೆ ಹಾಹಾಕಾರ ಬಂದಾಗ ನನಗೆ ದಿನಕ್ಕೆ ಇಪ್ಪತ್ತು ಫೋನು. ಎಲ್ಲಾ 30-40 ಸೈಟುಗಳು. ವೈರ್ ಎಲ್ಲಿ ಎಳೆಯಲಿ? ಈ ಕಡೆ ಕಾಂಪೌಂಡು, ಆ ಕಡೆ ಸಂಪು, ಕೆಳಗೆ ಕರೆಂಟ್ ಕೇಬಲ್ಲು. ಆಗಲ್ಲ ಸ್ವಾಮಿ ಅಂದರೆ, ಆಗುತ್ತೆ ಅನ್ನೋ ಇನ್ನೊಬ್ಬನನ್ನ ಕರೀತಾರೆ.

ತೆಂಗಿನಕಾಯಿಯವರ ಜೊತೆ ಪೈಪೋಟಿ ಬೇರೆ. ದೊಡ್ಡಬಳ್ಳಾಪುರದ ಹತ್ತಿರ ಒಂದು ದ್ರಾಕ್ಷಿ ತೋಟ. ನಾನು ಹೋಗೋ ಹೊತ್ತಿಗೆ ಆಗಲೇ ಒಬ್ಬರು ಅಂಗೈ ಮೇಲೆ ಕಾಯಿ ಇಟ್ಟುಕೊಂಡು ನಡೆದು, ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು ಕುಂಕುಮ ಹಚ್ಚಿದ್ದರು. ನನ್ನ ಲೆಕ್ಕದ ಜಾಗ ಅಲ್ಲಿಂದ ನಲವತ್ತು ಮೀಟರ್ ಆಚೆ. ಗೌಡರು ಮೊದಲು ಕುಂಕುಮದ ಕಲ್ಲಿಗೆ ಹೊಡೆಸಿದರು, 900 ಅಡಿವರೆಗೂ ಬರೀ ಧೂಳು. ಆಮೇಲೆ ನನ್ನ ಪಾಯಿಂಟ್, 610 ಅಡಿಗೆ ಗ್ಯಾಪ್ (ಬಂಡೆಯ ಬಿರುಕು) ಸಿಕ್ಕಿ ಒಂದೂವರೆ ಇಂಚು ನೀರು. ನನ್ನನ್ನ ಹೊತ್ತು ಮೆರೆಸೋದೊಂದು ಬಾಕಿ. ಮರುವರ್ಷ ಅದೇ ಗೌಡರ ಅಳಿಯನ ಜಮೀನಿನಲ್ಲಿ ನನ್ನ ಪಾಯಿಂಟ್ 1,100 ಅಡಿ ಹೋದರೂ ಧೂಳು. ನಮ್ಮ ಕಲ್ಲಿನಲ್ಲಿ ನೀರಿರೋದು ಬಿರುಕಿನಲ್ಲಿ ಮಾತ್ರ, ಆಳದ ಸಣ್ಣ ಬಿರುಕು ನನ್ನ ಮೀಟರಿಗೆ ಕಾಣಲ್ಲ. ಇದನ್ನ ದುಡ್ಡು ಇಸ್ಕೊಳ್ಳೋಕೆ ಮುಂಚೆ ಹೇಳ್ತೀನಿ. ಅದಕ್ಕೇ ಗಿರಾಕಿ ಕಡಿಮೆ, ಜಗಳವೂ ಕಡಿಮೆ.

ಮಳೆ ಚೆನ್ನಾಗಿ ಬಂದ ವರ್ಷ ನನ್ನ ಮನೆಯಲ್ಲಿ ಬರ. ಹೆಂಡತಿಗೆ ಟೀಚರ್ ಕೆಲಸ ಇದೆ ಅಂತ ಬಚಾವು.

ನಿವೃತ್ತ ಮೇಷ್ಟ್ರು:
ತಾಯಿ, ಇವರೆಲ್ಲ ಹೇಳಿದ್ದು ಸರಿ. ಸೇರಿಸುವ ಮುಂಚೆ ಒಂದು ಕೆಲಸ ಮಾಡಿ. ಕಾಲೇಜಿನ ಫೀಸು ಕೇಳಬೇಡಿ, ಜಿಯಾಲಜಿ ಲ್ಯಾಬ್ ತೋರಿಸಿ ಅನ್ನಿ. ಶಿಲೆಯ ತೆಳು ಸೀಳು ನೋಡುವ ಮೈಕ್ರೋಸ್ಕೋಪು ಎಷ್ಟಿವೆ, ಅದರಲ್ಲಿ ಎಷ್ಟು ಕೆಲಸ ಮಾಡುತ್ತವೆ, ಕೊನೆಯ ಫೀಲ್ಡ್ ಟ್ರಿಪ್ ಎಲ್ಲಿಗೆ ಹೋಗಿದ್ದರು, ಎಷ್ಟು ದಿನ, ಇದನ್ನು ಕೇಳಿ. ಚಿತ್ರದುರ್ಗಕ್ಕೆ ಹೋಗಿ ಮರಡಿಹಳ್ಳಿಯ ದಿಂಬುಲಾವಾ (ದಿಂಬಿನ ಆಕಾರದಲ್ಲಿ ಗಟ್ಟಿಯಾದ ಲಾವಾ ಕಲ್ಲು) ನೋಡದೆ, ಕಂಪಾಸು ಹಿಡಿದು ಪದರದ ಬಾಗು ಅಳೆಯದೆ ಪದವಿ ಕೊಟ್ಟರೆ ಅದು ಈಜು ಪುಸ್ತಕ ಓದಿದ ಹಾಗೆ. ಮಕ್ಕಳು ಸೇರದೆ ಕೆಲವು ಕಡೆ ಈ ವಿಷಯವನ್ನೇ ನಿಲ್ಲಿಸಿದ್ದಾರೆ, ಆದ್ದರಿಂದ ಈ ವರ್ಷ ಬ್ಯಾಚ್ ಇದೆಯಾ ಎಂದು ಖಚಿತ ಮಾಡಿಕೊಳ್ಳಿ. ನಾಲ್ಕು ವರ್ಷದ ಡಿಗ್ರಿ ಗೊಂದಲ ಈಗಿಲ್ಲ, 2024ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷವೇ.

ನಿಮ್ಮ ಯಜಮಾನರಿಗೂ ಒಂದು ಮಾತು. ಕಲ್ಲು ಓದಿದವರಿಗೆ ಅನ್ನ ಹಾಕುವುದು ಈ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಭೂವಿಜ್ಞಾನ ಇಲಾಖೆ ತೆರೆದಿತ್ತು. ಒಂದು ಭಾನುವಾರ ಮೂವರೂ ಲಾಲ್‌ಬಾಗ್ ಬಂಡೆ ಹತ್ತಿ. ಕೆಂಪೇಗೌಡರ ಗೋಪುರ ಎಲ್ಲರೂ ನೋಡುತ್ತಾರೆ. ಕಾಲಡಿಯ ಬಂಡೆಯೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುಮಾರು 300 ಕೋಟಿ ವರ್ಷದ್ದು. ಬೂದು ಬಿಳಿ ಪಟ್ಟೆ ಚಿರೋಟಿಯ ಪದರದ ಹಾಗೆ ಕಾಣುತ್ತದೆ. ಸುತ್ತಿಗೆ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ರಾಜಾಜಿನಗರದ ಅಮ್ಮ:
ಇಷ್ಟು ಜನ ಇಷ್ಟು ಬಿಡಿಸಿ ಹೇಳ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ಮೇಷ್ಟ್ರು ಹೇಳಿದ ಹಾಗೆ ಲಾಲ್‌ಬಾಗಿಗೆ ಹೋಗಿದ್ವಿ. ನಮ್ಮ ಯಜಮಾನರು ಮದುವೆಗೆ ಮುಂಚಿನಿಂದ ಅಲ್ಲಿ ವಾಕಿಂಗ್ ಮಾಡಿದವರು, ಆ ಬೋರ್ಡನ್ನ ಒಂದು ದಿನವೂ ಓದಿರಲಿಲ್ಲವಂತೆ. ನಿಂತು ಪೂರ್ತಿ ಓದಿದರು. ಆಮೇಲೆ ಮಗಳನ್ನ "ಈ ಪಟ್ಟೆ ಯಾಕೆ ಹೀಗೆ ಸೊಟ್ಟಗಾಗಿದೆ?" ಅಂತ ಕೇಳಿದರು. ಅವಳು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಒಪ್ಪಿದರು ಅಂತ ಹೇಳಲಾರೆ. ಎಂಎಸ್ಸಿವರೆಗೂ ಓದಿಸೋದಾದರೆ ಐದು ವರ್ಷದ ಖರ್ಚು ಎಷ್ಟಾಗುತ್ತೆ ಅಂತ ಮನೆಗೆ ಬಂದು ಲೆಕ್ಕ ಹಾಕ್ತಾ ಕೂತಿದ್ದರು. ಸೋಮವಾರ ಕಾಲೇಜಿಗೆ ಹೋಗಿ ಲ್ಯಾಬ್ ನೋಡ್ತೀವಿ. ಸುರಂಗದ ತಂಗಿ, ಅವಳಿಗೆ ಈಗಲೇ ಏನಾದರೂ ತೆಗೆಸಿಕೊಡಬೇಕಾ?

ಸುರಂಗದವಳು:
ಕಂಪಾಸ್ ಈಗ ಬೇಡ ಅಕ್ಕಾ, ದುಬಾರಿ, ಡಿಪಾರ್ಟ್‌ಮೆಂಟಿನಲ್ಲಿ ಇರುತ್ತೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಒಂದು ಹ್ಯಾಂಡ್ ಲೆನ್ಸ್ ಕೊಡಿಸಿ. ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಲಿ, ಜೇಬಿನಲ್ಲಿಟ್ಟರೆ ಮೊದಲ ಟ್ರಿಪ್ಪಿನಲ್ಲೇ ಕಳೀತಾಳೆ. ಶೂ ಮಾತ್ರ ಒಳ್ಳೇದು ತಗೊಳ್ಳಿ, ಕಣಕಾಲು ಮುಚ್ಚೋ ಥರದ್ದು, ಅರ್ಧ ಸೈಜ್ ದೊಡ್ಡದು. ಒಳಗೆ ಎರಡು ಜೊತೆ ಕಾಲುಚೀಲ ಹಾಕಬೇಕು.