ಸಹಾಯ ಬೇಕು: ನೈಟ್ ಬಾಮ್‌ನಲ್ಲಿ ಶಿಯಾ ಬದಲು ಪುನರ್ಪುಳಿ ಬೆಣ್ಣೆ

ಎಲ್ಲರಿಗೂ ನಮಸ್ಕಾರ. ರಾತ್ರಿ ಹಚ್ಚುವ ಬಾಮನ್ನು ಶಿಯಾ ಬದಲು ಪುನರ್ಪುಳಿ (ಕೋಕಂ) ಬೀಜದ ಬೆಣ್ಣೆ ಹಾಕಿ ಮನೆಯಲ್ಲೇ ಮಾಡಬೇಕೆಂದಿದ್ದೇನೆ. ಈಗ ಬಳಸುವ ಅಂಗಡಿ ಬಾಮ್‌ನ ಡಬ್ಬಿಯ ಲೇಬಲ್ ಈ ಕ್ರಮದಲ್ಲಿದೆ: ಪೆಟ್ರೋಲೇಟಮ್ (ಪೆಟ್ರೋಲಿಯಂ ಜೆಲ್ಲಿ), ತೆಂಗಿನೆಣ್ಣೆ, ಶಿಯಾ ಬೆಣ್ಣೆ (ಆಫ್ರಿಕಾದ ಶಿಯಾ ಮರದ ಬೀಜದ ಕೊಬ್ಬು), ಜೇನುಮೇಣ, ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು), ಟೊಕೊಫೆರಾಲ್, ಪರ್ಫ್ಯೂಮ್, ಲಿನಲೂಲ್ (ಪರಿಮಳದ ಒಂದು ಅಂಶ).

ಲೇಬಲ್‌ನಲ್ಲಿ ಹೆಚ್ಚು ಇರುವುದು ಮೊದಲು, ಶೇ. 1ಕ್ಕಿಂತ ಕಡಿಮೆ ಇರುವವನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಟೊಕೊಫೆರಾಲ್ (ವಿಟಮಿನ್ ಇ) ಎಣ್ಣೆಗೆ ಕಮಟು ವಾಸನೆ ಬಾರದಂತೆ ತಡೆಯುತ್ತದೆ ಅಷ್ಟೇ, ಬೂಷ್ಟು ತಡೆಯುವುದಿಲ್ಲ. ನೀರೇ ಇಲ್ಲದ ಬಾಮ್‌ಗೆ ಬೇರೆ ಪ್ರಿಸರ್ವೇಟಿವ್ ಬೇಡ ಎನ್ನುವುದೂ ಸರಿ. ಆದರೆ ನಮ್ಮ ಆಟಿ ಮಳೆಯಲ್ಲಿ ಒದ್ದೆ ಬೆರಳು ಅದ್ದಿದರೆ ಕತೆಯೇ ಬೇರೆ, ಒಣಗಿದ ಚಮಚವೇ ಗತಿ.

ತೊಂದರೆ ಇರುವುದು ಶಿಯಾದಲ್ಲಿ. ಮಂಗಳೂರಿನ ಏಪ್ರಿಲ್ ಸೆಕೆಗೆ ಬಾಮ್ ಮೆತ್ತಗಾಗಿ, ರಾತ್ರಿ ನಿಧಾನಕ್ಕೆ ತಣಿಯುವಾಗ ಶಿಯಾದ ಗಟ್ಟಿ ಕೊಬ್ಬು ಮೊದಲು ಹರಳುಗಟ್ಟುತ್ತದೆ. ಬೆರಳಿಗೆ ಸಣ್ಣ ರವೆಯ ಹಾಗೆ ತರಿ ಸಿಗುತ್ತದೆ. ಕೆಟ್ಟದ್ದೇನಲ್ಲ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಪೂರ್ತಿ ತಿಳಿಯಾಗುವವರೆಗೆ ಕರಗಿಸಿ, ತಕ್ಷಣ ಫ್ರಿಜ್‌ಗೆ ಹಾಕಿದರೆ ನುಣುಪು ವಾಪಸ್. ಡಬ್ಬಿಯೊಳಗೆ ಆವಿಯ ಹನಿ ಬೀಳಬಾರದು.

ಈಗ ಮನೆಯಲ್ಲೇ, ಪರಿಮಳ ಹಾಕದೆ, 100 ಗ್ರಾಂ ಮಾಡುವ ಅಂದಾಜು: ತೆಂಗಿನೆಣ್ಣೆ 40, ಎಳ್ಳೆಣ್ಣೆ 25, ಪುನರ್ಪುಳಿ ಬೆಣ್ಣೆ 20, ಜೇನುಮೇಣ 14, ವಿಟಮಿನ್ ಇ 1. ತೆಂಗಿನೆಣ್ಣೆ 24 ಡಿಗ್ರಿಗೇ ಕರಗುವುದರಿಂದ ಇಲ್ಲಿ ಅದು ಬಾಮನ್ನು ಗಟ್ಟಿ ಹಿಡಿಯುವುದಿಲ್ಲ.

ತಿಳಿದವರು ಹೇಳಿ: ಪುನರ್ಪುಳಿ ಬೆಣ್ಣೆ ಶಿಯಾಗಿಂತ ಗಟ್ಟಿ, ಹಾಗಾದರೆ ಮೇಣ 10ಕ್ಕೆ ಇಳಿಸಬಹುದೇ? ಮೊಡವೆ ಏಳುವ ಮುಖಕ್ಕೆ ತೆಂಗಿನೆಣ್ಣೆ ಬದಲು ಸ್ಕ್ವಾಲೇನ್ (ಗಟ್ಟಿಯಾಗದ ಹಗುರ ಎಣ್ಣೆ) ಹಾಕಿದರೆ ಬಾಮ್ ನಿಲ್ಲುತ್ತದಾ? ಉಡುಪಿ ಕಡೆ ಶುದ್ಧ ಜೇನುಮೇಣ ಎಲ್ಲಿ ಸಿಗುತ್ತದೆ ಎಂದೂ ತಿಳಿಸಿ, ಪ್ಯಾರಾಫಿನ್ ಬೆರೆಸಿದ್ದು ಬೇಡ ಮಾರಾಯ್ರೆ.